ಕೋಪಕ್ಕೊಂದು ಕೋಡುಬಳೆ

ನನಗೆ ಕೋಪ ಬಂದರೆ ನಾನು ಕೂಗಾಡುವುದಿಲ್ಲ, ಕೋಡುಬಳೆ ತಿನ್ನುತ್ತೇನೆ. ಬೇಜಾರಾದರೆ ರವೆ ಉಂಡೆ. ಭಯವಾದರೆ ಕೈಗೆ ಸಿಕ್ಕಿದ್ದು. ನೆಂಟರಿಷ್ಟರಲ್ಲಿ, ನಾನು ಗುಮಾಸ್ತೆಯಾಗಿರುವ ತಿಲಕ್ ನಗರದ ಹೈಸ್ಕೂಲಿನಲ್ಲಿ, ಎಲ್ಲರೂ ನನ್ನನ್ನು ಬಹಳ ತಾಳ್ಮೆಯ ಹೆಂಗಸು ಎಂದೇ ತಿಳಿದಿದ್ದಾರೆ. ಶಾಂತಾ ಎಂಬ ಹೆಸರನ್ನು ಸಾರ್ಥಕ ಮಾಡಿಕೊಂಡವರು ಎಂದು ನಮ್ಮ ಹೆಡ್‌ಮಿಸ್ಸು ಒಂದು ಸಮಾರಂಭದಲ್ಲಿ ಮೈಕಿನಲ್ಲೇ ಹೊಗಳಿದ್ದರು. ಆ ತಾಳ್ಮೆ ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಅಡ್ಮಿಷನ್ ಅರ್ಜಿಗಳ ಅಡಿಯಲ್ಲಿ, ಒಂದು ಸ್ಟೀಲ್ ಡಬ್ಬಿಯಲ್ಲಿ ಇರುತ್ತಿತ್ತೆಂದು ಅವರಿಗೆ ಗೊತ್ತಿರಲಿಲ್ಲ. ಬಾಯಿ ತುಂಬ ಕೋಡುಬಳೆ ಇರುವಾಗ ಯಾರಿಗೆ ತಾನೇ ಎದುರುತ್ತರ ಕೊಡಲು ಸಾಧ್ಯ?

ಇದು ನಮ್ಮ ಅಮ್ಮನಿಂದ ಬಂದ ಅಭ್ಯಾಸ. ನಾವು ಅತ್ತರೆ ಅಮ್ಮ ಯಾಕೆ ಎಂದು ಕೇಳುತ್ತಿರಲಿಲ್ಲ. ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿ ತನ್ನ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಐದು ಮಕ್ಕಳ ಮನೆಯಲ್ಲಿ ಒಬ್ಬೊಬ್ಬರನ್ನೂ ಕೂರಿಸಿಕೊಂಡು ವಿಚಾರಿಸಲು ಅವಳಿಗೆಲ್ಲಿಯ ಪುರುಸೊತ್ತು? ಏಳನೇ ಕ್ಲಾಸಿನಲ್ಲಿ ನಾನು ಗಣಿತದಲ್ಲಿ ಫೇಲಾದಾಗ ಬೆಲ್ಲದ ಜೊತೆ ಕೊಬ್ಬರಿಯೂ ಸಿಕ್ಕಿತು. ದುಃಖ ದೊಡ್ಡದಾದಷ್ಟೂ ತಿಂಡಿಯೂ ದೊಡ್ಡದು ಎಂಬ ಲೆಕ್ಕ ಮಾತ್ರ ಆ ವರ್ಷ ನನಗೆ ಚೆನ್ನಾಗಿ ತಲೆಗೆ ಹತ್ತಿತು.

ಐವತ್ಮೂರನೇ ವಯಸ್ಸಿಗೆ ಶುಗರ್ ಬಂತು. ಸ್ಕೂಲಿನ ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಏನೇನು ತಿನ್ನುತ್ತೀರಿ ಎಂದು ಕೇಳಿದಳು. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅರ್ಧ ಮುದ್ದೆ, ರಾತ್ರಿ ಎರಡು ಚಪಾತಿ ಎಂದು ಸಾಧುವಿನಂತೆ ಒಪ್ಪಿಸಿದೆ. ಅವಳು ರಿಪೋರ್ಟನ್ನು ನೋಡಿದಳು, ನನ್ನನ್ನು ನೋಡಿದಳು. "ಅದು ಊಟ ಆಂಟಿ. ಊಟ ಬಿಟ್ಟು ತಿನ್ನೋದು ಹೇಳಿ" ಎಂದಳು. ನಾನು ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡತೊಡಗಿದೆ. ಅವಳು ಗದರಲಿಲ್ಲ. ಒಂದು ನೋಟ್‌ಬುಕ್ ಇಡಿ, ಊಟವಲ್ಲದ ಹೊತ್ತಿನಲ್ಲಿ ಏನು ತಿಂದರೂ ಬರೆಯಿರಿ, ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಯಿತು, ಎಲ್ಲ ಇರಲಿ ಎಂದಳು. ಕೇಳುತ್ತಿರುವುದು ಹೊಟ್ಟೆಯೋ ಮನಸ್ಸೋ ಎಂದು ಆಗ ನಿಮಗೇ ತಿಳಿಯುತ್ತದಂತೆ.

ಸ್ಕೂಲಿನಲ್ಲಿ ನೋಟ್‌ಬುಕ್ಕಿಗೇನು ಕೊರತೆ? ಗೆರೆ ಎಳೆದು ಕಾಲಂ ಮಾಡಿದೆ. ಕೊನೆಯ ಕಾಲಮಿಗೆ ‘ಕಾರಣ’ ಎಂದು ಹೆಸರಿಟ್ಟೆ. ಮೊದಲ ವಾರದಲ್ಲೇ ಹೊಟ್ಟೆಯ ಕಳ್ಳಾಟ ಸಿಕ್ಕಿಬಿತ್ತು. ಹನ್ನೆರಡೂವರೆಗೆ ಅರ್ಧ ಮುದ್ದೆ ಉಂಡವಳಿಗೆ ನಾಲ್ಕೂವರೆಗೆ ಕಣ್ಣು ಕತ್ತಲೆ. ಸರಿಯಾಗಿ ಆ ಹೊತ್ತಿಗೆ ಬಸ್‌ಸ್ಟಾಪಿನ ಪಕ್ಕದ ಬೇಕರಿಯಲ್ಲಿ ಖಾರಾ ಬನ್ನು ಒಲೆಯಿಂದ ಇಳಿಯುತ್ತದೆ. ಇದಕ್ಕೆ ಮದ್ದು ಸುಲಭವಿತ್ತು. ನಾಲ್ಕು ಗಂಟೆಗೆ ಒಂದು ಹಿಡಿ ಹುರಿಗಡಲೆ ತಿಂದೆ, ಬೇಕರಿಯ ಎದುರು ಬದಿಯ ಫುಟ್‌ಪಾತ್ ಹಿಡಿದೆ, ಡ್ರಾಯರಿನ ಡಬ್ಬಿಯನ್ನು ಸ್ಟಾಫ್ ರೂಮಿನಲ್ಲಿಟ್ಟೆ. ಮಧ್ಯಾಹ್ನದೊಳಗೆ ಅದು ಖಾಲಿಯಾಯಿತು. ಮೇಷ್ಟರುಗಳಿಗೂ ಎಷ್ಟೊಂದು ದುಃಖಗಳಿವೆಯೆಂದು ಅಂದು ನನಗೆ ತಿಳಿಯಿತು.

ತೊಂದರೆಯಿದ್ದದ್ದು ಮನೆಯಲ್ಲಿ. ನಮ್ಮ ಮನೆ ಚಿಕ್ಕಲಸಂದ್ರದಲ್ಲಿ. ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಕೆಳಗೆ ನಾವು, ಮೇಲೆ ಬಾಡಿಗೆಯವರು. ಮಗಳು ಮದುವೆಯಾಗಿ ತಲಘಟ್ಟಪುರಕ್ಕೆ ಹೋದ ಮೇಲೆ ಇರುವುದು ನಾನು ಮತ್ತು ಇವರು. ಇವರು ಕಾರ್ಖಾನೆಯಿಂದ ರಿಟೈರಾಗಿ ಎರಡು ವರ್ಷವಾಗಿದೆ. ನನ್ನ ‘ಕಾರಣ’ದ ಕಾಲಂ ಪೂರ್ತಿ ಇವರೇ. ಇವರು ಟಿವಿ ಜೋರಾಗಿ ಇಟ್ಟರು, ಎರಡು ಕೋಡುಬಳೆ. ಇವರು ಒದ್ದೆ ಟವೆಲ್ ಮಂಚದ ಮೇಲೆ ಹಾಕಿದರು, ಒಂದು ರವೆ ಉಂಡೆ. ನನ್ನ ಅಕ್ಕನ ವಿಷಯ ಬಂದಾಗ ಇವರು ನಕ್ಕರು, ಎಷ್ಟು ತಿಂದೆನೋ ನೆನಪಿಲ್ಲ.

ಮೂರು ವಾರವಾದ ಮೇಲೆ ಒಂದು ಭಾನುವಾರ ಇವರು ಗ್ಯಾಸ್ ಏಜೆನ್ಸಿಯ ನಂಬರು ಹುಡುಕುತ್ತ ಫ್ರಿಜ್ಜಿನ ಮೇಲಿದ್ದ ಆ ನೋಟ್‌ಬುಕ್ ತೆರೆದಿದ್ದಾರೆ. ನನಗೆ ಹೇಳಲಿಲ್ಲ. ಸೋಮವಾರ ಸಂಜೆ ನಾನು ಬಂದಾಗ ಟಿವಿ ಆಫ್. ಟವೆಲ್ ತಂತಿಯ ಮೇಲೆ, ಅದೂ ಕ್ಲಿಪ್ಪು ಹಾಕಿಸಿಕೊಂಡು. ಉಪ್ಪು ಹಾಕಲು ಮರೆತಿದ್ದ ಸಾರನ್ನು ಚೆನ್ನಾಗಿದೆ ಎಂದು ಎರಡು ಸಲ ಬಡಿಸಿಕೊಂಡರು. ಮಂಗಳವಾರ ನನ್ನ ಅಕ್ಕನ ಯೋಗಕ್ಷೇಮ ವಿಚಾರಿಸಿದರು. ಬುಧವಾರ ನನ್ನ ಸೀರೆ ಮಡಿಚಿಟ್ಟರು. ಮೂವತ್ತು ವರ್ಷದ ಸಂಸಾರದಲ್ಲಿ ಆಗದ್ದು ಮೂರು ದಿನದಲ್ಲಿ ಆದರೆ ಯಾವ ಹೆಂಡತಿ ತಾನೇ ನೆಮ್ಮದಿಯಾಗಿರುತ್ತಾಳೆ? ಹಿಂದಿನ ವಾರ ಇವರು ಬಿ.ಪಿ. ತೋರಿಸಲು ಹೋದಾಗ ರಕ್ತ ಪರೀಕ್ಷೆಯನ್ನೂ ಮಾಡಿಸಿದ್ದು ನೆನಪಾಯಿತು. ಏನೋ ದೊಡ್ಡ ಕಾಯಿಲೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಗುರುವಾರ ಆಫೀಸಿನಿಂದ ಮಗಳಿಗೆ ಫೋನ್ ಮಾಡಿದೆ. ಅಪ್ಪ ನನಗೇನೂ ಹೇಳಿಲ್ಲ ಎಂದಳು. ಅವಳಿಗೂ ಹೇಳಿಲ್ಲವೆಂದರೆ ಇನ್ನೆಷ್ಟು ದೊಡ್ಡದಿರಬೇಕು! ಆ ಸಂಜೆ ಬೇಕರಿಯ ಬದಿಯ ಫುಟ್‌ಪಾತಿನಲ್ಲೇ ನಡೆದೆ. ಎರಡು ಖಾರಾ ಬನ್, ಕೊಬ್ಬರಿ ಹೂರಣದ ಒಂದು ದಿಲ್‌ಪಸಂದ್. ಬ್ಯಾಗಿನಿಂದ ನೋಟ್‌ಬುಕ್ ತೆಗೆದು, ಕಾರಣದ ಕಾಲಮಿನಲ್ಲಿ ‘ಇವರು ಒಳ್ಳೆಯವರಾಗಿದ್ದಾರೆ’ ಎಂದು ಬಸ್ಸಿನಲ್ಲೇ ಬರೆದೆ.

ಮನೆಗೆ ಬಂದರೆ ಇವರು ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಬ್ಯಾಗನ್ನೂ ಇಳಿಸದೆ, ರಿಪೋರ್ಟಿನಲ್ಲಿ ಏನು ಬಂದಿದೆ, ನಿಜ ಹೇಳಿ ಎಂದು ಕೇಳಿದೆ. ರಿಪೋರ್ಟಿನಲ್ಲಿ ಏನೂ ಇಲ್ಲವಂತೆ. ಹಾಗಾದರೆ ಮೂರು ದಿನದಿಂದ ಇದೇನು ಎಂದೆ. ಇವರು ತಲೆ ಎತ್ತಲಿಲ್ಲ.

"ನಿನ್ ನೋಟ್‌ಬುಕ್ ನೋಡ್ದೆ ಶಾಂತಾ. ಇಪ್ಪತ್ತೊಂದು ದಿನದಲ್ಲಿ ಹದಿನಾರು ಸಲ ನಾನಿದೀನಿ. ನಿನ್ ಶುಗರ್ ನಾನೇ ಏನೋ ಅನ್ನಿಸ್ಬಿಡ್ತು."

ಕೈ ತನ್ನಷ್ಟಕ್ಕೆ ತಿಂಡಿಯ ಶೆಲ್ಫಿನ ಕಡೆ ಹೋಯಿತು. ಅದನ್ನು ಹಿಂದಕ್ಕೆಳೆದುಕೊಂಡು ನಾನೂ ನೆಲದ ಮೇಲೆ ಕೂತೆ. ನಿಜ ಹೇಳದೆ ಬೇರೆ ದಾರಿಯಿರಲಿಲ್ಲ. ಆ ಹದಿನಾರರಲ್ಲಿ ಬಹುಪಾಲು ಸುಳ್ಳು. ಮೊದಲು ತಿಂದಿದ್ದೆ, ಆಮೇಲೆ ಕಾರಣ ಹುಡುಕಿದ್ದೆ. ಹತ್ತಿರದಲ್ಲಿ ಇವರಿದ್ದರು, ಬರೆದುಬಿಟ್ಟೆ. ಒದ್ದೆ ಟವೆಲ್ಲಿನ ಎರಡು ದಿನಗಳಲ್ಲಿ ಒಂದು ದಿನ ಇವರು ಸ್ನಾನವನ್ನೇ ಮಾಡಿರಲಿಲ್ಲ. ಇದನ್ನೆಲ್ಲ ಹೇಳಿದೆ. ಇವರ ಮುಖ ಸ್ವಲ್ಪ ಸಡಿಲವಾಯಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಾಯಿ ಖಾಲಿಯಿತ್ತು ನೋಡಿ, ಇನ್ನೊಂದು ಮಾತು ಹೊರಗೆ ಬಂತು.

"ಒಂದ್ ಮಾತ್ರ ನಿಜ ರೀ. ನಾನ್ ಬಂದಾಗ ಟಿವಿ ನೋಡ್ಕೊಂಡೇ ‘ಬಂದ್ಯಾ’ ಅಂತೀರ. ತಿರುಗಿ ನೋಡಲ್ಲ. ಆಗ ನಂಗೆ ಏನಾದ್ರೂ ತಿನ್ಬೇಕು ಅನ್ಸುತ್ತೆ."

ಇವರು ಸುಲಿದ ಕಾಳನ್ನು ಪಾತ್ರೆಗೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು.

"ತಿರುಗಿ ನೋಡಿದ್ರೆ ನಿನ್ ಸುಸ್ತಾಗಿರೋ ಮುಖ ಕಾಣುತ್ತೆ. ನೀನು ದುಡ್ಕೊಂಡ್ ಬರ್ತೀಯ, ನಾನು ಮನೇಲ್ ಕೂತಿರ್ತೀನಿ. ಒಂಥರಾ ನಾಚ್ಕೆ ಆಗುತ್ತೆ."

ಎರಡು ವರ್ಷ ನಾನು ಅಲಕ್ಷ್ಯ ಎಂದುಕೊಂಡು ಕೋಡುಬಳೆ ತಿಂದದ್ದು ಇದಕ್ಕೆ! ಯಾವ ಕಾಲಮಿನಲ್ಲಿ ಬರೆಯಲಿ? ಇಬ್ಬರೂ ಸೇರಿ ಪೂರಾ ಎರಡು ಕಿಲೋ ಅವರೆಕಾಯಿ ಸುಲಿದು ಮುಗಿಸಿದೆವು. ನನಗೆ ಆ ಸಂಜೆ ಏನೂ ತಿನ್ನಬೇಕೆನಿಸಲಿಲ್ಲ. ಅದು ದುಃಖ ಕಡಿಮೆಯಾದದ್ದರಿಂದಲೋ, ಹೊಟ್ಟೆಯಲ್ಲಿದ್ದ ದಿಲ್‌ಪಸಂದಿನಿಂದಲೋ ಹೇಳಲಾರೆ.

ಮರುದಿನದಿಂದ ಇವರು ಸಂಜೆ ನಮ್ಮ ಬಸ್‌ಸ್ಟಾಪಿಗೆ ಬರತೊಡಗಿದರು. ನಾನು ಇಳಿದ ಕೂಡಲೇ ಮುಖ ನೋಡಿ ‘ಬಂದ್ಯಾ’ ಎನ್ನುತ್ತಾರೆ, ಊಟದ ಬ್ಯಾಗು ಇಸಿದುಕೊಳ್ಳುತ್ತಾರೆ, ಇಬ್ಬರೂ ನಡೆದು ಮನೆಗೆ ಹೋಗುತ್ತೇವೆ. ಡಾಕ್ಟರಿಗೆ ಇದನ್ನೆಲ್ಲ ವರದಿ ಮಾಡಿದೆ. ಬಹಳ ಒಳ್ಳೆಯದಾಯಿತು, ಇನ್ನು ಮೇಲೆ ಕೋಪ ಬಂದರೆ ನುಂಗಿಕೊಳ್ಳಬೇಡಿ, ಬಾಯಿಬಿಟ್ಟು ಹೇಳಿಬಿಡಿ ಎಂದಳು. ವೈದ್ಯರ ಸಲಹೆಯನ್ನು ನಾನು ಇಷ್ಟು ಶ್ರದ್ಧೆಯಿಂದ ಹಿಂದೆಂದೂ ಪಾಲಿಸಿರಲಿಲ್ಲ. ಮೊದಮೊದಲು ಮಾತು ತಡವರಿಸುತ್ತಿತ್ತು. ಅಭ್ಯಾಸವಾಗುತ್ತ ಬಂದಂತೆ ಹಳೆಯದೆಲ್ಲ ನೆನಪಾಗತೊಡಗಿತು. ಮದುವೆಯ ದಿನ ಇವರ ಸೋದರತ್ತೆ ನನ್ನ ಬಣ್ಣದ ಬಗ್ಗೆ ಆಡಿದ ಮಾತಿನವರೆಗೂ ಈಗ ಬಂದು ತಲುಪಿದ್ದೇನೆ.

ಮೂರು ತಿಂಗಳಾದ ಮೇಲೆ ಇಬ್ಬರೂ ಅದೇ ಕ್ಲಿನಿಕ್ಕಿಗೆ ಹೋದೆವು. ನನ್ನ ತೂಕ ಒಂದು ಕಿಲೋ ಇಳಿದಿತ್ತು, ಇವರದು ನಾಲ್ಕು. ನನ್ನ ಶುಗರ್ ಇದ್ದಲ್ಲೇ ಇತ್ತು. ಇವರ ಬಿ.ಪಿ. ಹುಡುಗರ ಬಿ.ಪಿ.ಯಂತಿತ್ತು. ಡಾಕ್ಟರಿಗೆ ಆಶ್ಚರ್ಯವಾಗಿ, ಅಂಕಲ್ ಏನು ಮಾಡುತ್ತಿದ್ದೀರಿ ಎಂದು ಕೇಳಿದಳು.

"ಇವಳು ಈಗ ಕೋಪ ಬಂದ್ರೆ ತಿನ್ನಲ್ಲ ಡಾಕ್ಟ್ರೇ, ಮಾತಾಡ್ತಾಳೆ" ಎಂದರು ಇವರು. "ಶುರು ಮಾಡಿದ್ ತಕ್ಷಣ ನಾನು ಚಪ್ಪಲಿ ಹಾಕ್ಕೊಂಡು ಪಾರ್ಕಿಗೆ ಹೋಗ್ತೀನಿ. ದಿನಕ್ಕೆ ಏಳೆಂಟು ಸುತ್ತು ಆಗುತ್ತೆ."

ಡಾಕ್ಟರು ನಗಲಿಲ್ಲ. ಇವರ ಚೀಟಿಯಲ್ಲಿ ‘ಹೀಗೇ ಮುಂದುವರಿಸಿ’ ಎಂದು ಬರೆದಳು. ನನಗೆ ಒಂದು ಮಾತ್ರೆ ಜಾಸ್ತಿ ಮಾಡಿದಳು.