ಮೆಕ್ಕೆಜೋಳಕ್ಕೆ ಬಟನ್ ಇಲ್ಲ

ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವರನ್ನು ಯಾವ ಸಂಸ್ಥೆಯೂ ಕೆಲಸಕ್ಕೆ ಇಟ್ಟುಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ವಿರೋಧಿಸಿಯೂ ನಾನು ಅಷ್ಟೇ ಹೊತ್ತು ಮಾತಾಡಬಲ್ಲೆ. ರೋಗ ಇರುವುದೇ ಅಲ್ಲಿ. ‘ಇನ್ನೊಂದು ಸೌಟು ಉಪ್ಪಿಟ್ಟು ಹಾಕಲಾ?’ ಎಂದು ಅಮ್ಮ ಕೇಳಿದರೆ ಪರ, ವಿರೋಧ ಎರಡನ್ನೂ ಮಂಡಿಸಿ, ಕಡೆಗೆ ತಣ್ಣಗಾದದ್ದನ್ನು ತಿಂದು ಎದ್ದವನು ನಾನು. ಇಂಥವನನ್ನು ದಾವಣಗೆರೆಯ ಪಾರ್ಸೆಲ್ ಗೋದಾಮೊಂದಕ್ಕೆ ಮ್ಯಾನೇಜರ್ ಮಾಡಿದ್ದಾರೆ. ಬೆಳಿಗ್ಗೆ ಡ್ರೈವರುಗಳ ಮುಂದೆ ನಿಂತು ‘ಟಾರ್ಗೆಟ್ ಮುಟ್ಟುವುದು ಸಾಧ್ಯ’ ಎಂದು ವಾದಿಸಬೇಕು. ಸಂಜೆ ಹುಬ್ಬಳ್ಳಿಯಲ್ಲಿರುವ ನಮ್ಮ ಮೇಲಧಿಕಾರಿ ಮೇಡಂಗೆ ಫೋನಿನಲ್ಲಿ ‘ಯಾಕೆ ಸಾಧ್ಯವಾಗಲಿಲ್ಲ’ ಎಂದು ವಾದಿಸಬೇಕು. ಎರಡೂ ಕಡೆ ನಾನೇ. ಗೆದ್ದರೂ ನಾನೇ ಸೋತಂತೆ.

ಮೊನ್ನೆ ಸಂಜೆ ನನ್ನ ಕಂಪ್ಯೂಟರಿನಲ್ಲಿ ಮಹಬೂಬಣ್ಣನ ಹೆಸರು ಕೆಂಪಾಯಿತು. ಹರಿಹರದ ಕಡೆಯ ಹಳ್ಳಿಗಳಿಗೆ ಪಾರ್ಸೆಲ್ ಹಂಚುವವನು ಅವನೇ. ಗಾಡಿ ಕೊಕ್ಕನೂರಿನ ಹತ್ತಿರ ಬಹಳ ಹೊತ್ತು ‘ಐಡಲ್’ ಆಗಿತ್ತು, ಅಂದರೆ ಕಾರಣವಿಲ್ಲದೆ ನಿಂತಿತ್ತು ಎಂದು ಆ್ಯಪ್ ದೂರುತ್ತಿತ್ತು. ಇನ್ನೊಮ್ಮೆ ಕೆಂಪಾದರೆ ಐಡಿ ಬಂದ್ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ಐಡಿ ಬಂದ್ ಆಯಿತೆಂದರೆ ಬೆಳಿಗ್ಗೆ ಬಂದು ನಿಂತರೂ ಅವನ ಹೆಸರಿಗೆ ಒಂದು ಪಾರ್ಸೆಲ್ಲೂ ಇರುವುದಿಲ್ಲ. ಕೆಲಸ ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳುವ ಕಷ್ಟವೂ ಇಲ್ಲ.

ಗಾಡಿ ಬಂದ ಕೂಡಲೇ ಬಾಗಿಲಲ್ಲೇ ತಡೆದೆ. “ಮಹಬೂಬಣ್ಣ, ಐಡಲ್ ಯಾಕ್ರಿ?”

“ಇಡ್ಲಿ ಎಲ್ಲಿದು ಸರ್? ಬೆಳಿಗ್ಗಿಂದ ಒಂದ್ ದ್ವಾಸೆನೂ ಹೊಟ್ಟಿಗೆ ಬಿದ್ದಿಲ್ಲ.”

“ತಮಾಷೆ ಬ್ಯಾಡ. ಗಾಡಿ ಯಾಕ ನಿಂತಿತ್ತು ಹೇಳ್ರಿ.”

“ರೋಡ್ ತುಂಬ ಮೆಕ್ಕೆಜೋಳ ಒಣಗ್ಹಾಕ್ಯಾರ್ರಿ. ಅದರ ಮ್ಯಾಲೆ ಗಾಡಿ ಹತ್ತಿಸ್ಲಾ? ಒಬ್ಬಾಕೆ ಅಜ್ಜಿ ಸರಿಸಿ ದಾರಿ ಮಾಡೋತಂಕ ನಿಂತಿದ್ದೆ. ನಾನೂ ಇಳಿದು ಒಂದ್ ಕೈ ಹಚ್ಚಿದೆ. ನಿಮ್ಮ ಆ್ಯಪಿಗೆ ಅದೂ ಐಡಲ್ಲಾ?”

ಆ್ಯಪಿನಲ್ಲಿ ಕಾರಣ ತುಂಬಲು ಕೂತೆ. ಟ್ರಾಫಿಕ್, ಗಾಡಿ ಕೆಟ್ಟಿದೆ, ಗ್ರಾಹಕರು ಸಿಗಲಿಲ್ಲ. ಇವಕ್ಕೆಲ್ಲ ಬಟನ್ ಇತ್ತು. ಮೆಕ್ಕೆಜೋಳಕ್ಕೆ ಇರಲಿಲ್ಲ. ಸುಗ್ಗಿಯಲ್ಲಿ ನಮ್ಮ ಕಡೆ ಅರ್ಧ ರಸ್ತೆ ಕಣವಾಗುತ್ತದೆ ಎಂದು ಆ್ಯಪ್ ಮಾಡಿದವರಿಗೆ ಯಾರೂ ಹೇಳಿಲ್ಲ. ಟ್ರಾಫಿಕ್ ಒತ್ತಿದೆ. ಒತ್ತಿದ ಬೆರಳು ತೆಗೆಯುವಷ್ಟರಲ್ಲಿ ಮೇಡಂ ಫೋನು. ಬಾಗಿಲಲ್ಲಿ ನಿಂತ ಮಹಬೂಬಣ್ಣನ ಮುಖದಿಂದ ತಮಾಷೆ ಇಳಿದುಹೋಯಿತು.

“ಕೊಕ್ಕನೂರಾಗ ಟ್ರಾಫಿಕ್ಕೇನ್ರಿ? ಏನ್ ಲಾರಿ ನಿಂತಿದ್ವೇನು?”

“ಲಾರಿ ಅಲ್ಲ ಮೇಡಂ, ಜೋಳ.”

“ಏನು?”

“ಮೆಕ್ಕೆಜೋಳ, ಮೇಡಂ.”

ಆ ಕಡೆಯಿಂದ ಒಂದು ಉಸಿರು. “ನೋಡ್ರಿ, ನಿಮ್ಮ ಗೋದಾಮು ಕೆಂಪಾದ್ರ ನಾನೂ ಕೆಂಪು. ಈಗ ಮೀಟಿಂಗ್ ಐತಿ. ಮ್ಯಾಲಿನವ್ರು ಕೇಳಿದ್ರ ಜೋಳ ಅಂತ ಹೇಳ್ಲೇನು? ಅವನ ಐಡಿ ಬಂದ್ ಮಾಡಿಬಿಡ್ತೀನಿ.”

ಅವರ ದನಿಯಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. ಆದರೆ ಹಳೆಯ ಚಟ ಎಲ್ಲಿ ಬಿಡುತ್ತದೆ? ಎದ್ದು ನಿಂತೆ.

“ಮೇಡಂ, ನಿಂತಿದ್ದನ್ನಷ್ಟೇ ನೋಡಬೇಡಿ. ಅಷ್ಟು ಹೊತ್ತು ನಿಂತರೂ ಆತ ಒಂದೇ ಒಂದು ಪಾರ್ಸೆಲ್ ವಾಪಸ್ ತಂದಿಲ್ಲ. ಹಾಗಾದರೆ ನಿಂತಿದ್ದರಿಂದ ಕಂಪನಿಗಾದ ನಷ್ಟವೇನು? ನಷ್ಟವೇ ಇಲ್ಲದ ಮೇಲೆ ಶಿಕ್ಷೆ ಯಾವುದಕ್ಕೆ?”

ಕಾಲೇಜಿನಲ್ಲಾಗಿದ್ದರೆ ಇಲ್ಲಿ ಚಪ್ಪಾಳೆ ಬೀಳುತ್ತಿತ್ತು. ಮಹಬೂಬಣ್ಣ ಬಾಗಿಲಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ.

“ಕರೆಕ್ಟ್,” ಅಂದರು ಮೇಡಂ. ನನ್ನ ಮಾತನ್ನು ಅವರು ಒಪ್ಪಿದ್ದು ಅದೇ ಮೊದಲು. “ಅಷ್ಟೊತ್ತು ನಿಂತ್ರೂ ಎಲ್ಲಾ ಮುಗಿಸ್ಯಾನಂದ್ರ ಅವಗ ಟೈಮ್ ಉಳೀತೈತಿ ಅಂತಾತು. ಐಡಿ ಇರಲಿ ಬಿಡ್ರಿ. ನಾಳಿಂದ ಆನಗೋಡೂ ಅವಗಽ ಹಾಕ್ರಿ.”

ಹರಿಹರ ಒಂದು ದಿಕ್ಕು, ಆನಗೋಡು ಅದರ ತದ್ವಿರುದ್ಧ ದಿಕ್ಕು. ನಡುವೆ ಇಡೀ ದಾವಣಗೆರೆ. “ಮೇಡಂ, ಅದು ಹೇಗೆ...” ಎಂದೆ.

“ನೀವಽ ಪ್ರೂವ್ ಮಾಡಿದ್ರಲ್ಲ!” ಫೋನು ಕಟ್ಟಾಯಿತು.

ಮಹಬೂಬಣ್ಣ ಹತ್ತಿರ ಬಂದ. “ಏನಾತ್ರಿ ಸರ್?”

“ಐಡಿ ಉಳೀತು.”

“ಯಾ ಅಲ್ಲಾ! ದೊಡ್ಡ ಉಪಕಾರ ಆತ್ರಿ.”

“ಆನಗೋಡೂ ನಿಮಗೇ ಬಂತು.”

ಅವನು ನನ್ನನ್ನೇ ನೋಡಿದ. ಗಾಡಿಯ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ. “ಸರ್, ಸಿಟ್ಟಾಗಬ್ಯಾಡ್ರಿ. ಮುಂದಿನ ಸಲ ನೀವು ಕಂಪನಿ ಪರ ಮಾತಾಡ್ರಿ. ಅವಾಗಾದ್ರೂ ನಾ ಗೆಲ್ತೀನೇನೋ.”

ಆ ಮಾತಿನಲ್ಲಿ ಎಲ್ಲೋ ಒಂದು ತರ್ಕದೋಷ ಇರಲೇಬೇಕು ಎಂದು ಅಂದಿನಿಂದ ಹುಡುಕುತ್ತಿದ್ದೇನೆ. ಇನ್ನೂ ಸಿಕ್ಕಿಲ್ಲ.