ಹತ್ತು ನಿಮಿಷ ತುಳಿಯದವನನ್ನು ಲೆಕ್ಕಕ್ಕಿಡದ ಕೈಪಟ್ಟಿಯವರಿಗೆ

ಹಗಲಿರುಳು ನನ್ನ ನಾಡಿ ಹಿಡಿದು ಕುಳಿತಿರುವ ಮಾನ್ಯ ಕೈಪಟ್ಟಿಯವರೇ,

ತಮ್ಮ ಚಾರ್ಜು ಸದಾ ತುಂಬಿರಲಿ, ಪರದೆಗೆ ಗೀರು ಬೀಳದಿರಲಿ ಎಂದು ಹಾರೈಸುತ್ತಾ, ಐವತ್ತಾರು ವರ್ಷದ ದರ್ಜಿಯಾದ ನಾನು ಎಡಗೈಯಲ್ಲಿ ತಮ್ಮನ್ನು ಹೊತ್ತುಕೊಂಡೇ ಬಲಗೈಯಿಂದ ಈ ಅಹವಾಲು ಬರೆಯುತ್ತಿದ್ದೇನೆ.

ಮನೆಯಿಂದ ಅಂಗಡಿಗೆ ಸೈಕಲ್ಲಿನಲ್ಲಿ ಆರು ನಿಮಿಷ. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಊಟಕ್ಕೆ ಬಂದು, ಮತ್ತೆ ಹೋಗಿ, ಸಂಜೆ ಮರಳುವ ನನ್ನನ್ನು ತಾವು ಪ್ರತಿ ಸಲವೂ ಕೃಪೆಯಿಂದ ನೋಡಿ, ಹತ್ತು ನಿಮಿಷಕ್ಕೆ ಕಡಿಮೆಯಾದ್ದರಿಂದ ಸವಾರಿ ದಾಖಲಾಗಿಲ್ಲ ಎಂದು ತಿಳಿಸಿದ್ದೀರಿ. ತಮ್ಮ ನಿಷ್ಠುರತೆಯನ್ನು ಮೆಚ್ಚಲೇಬೇಕು. ಆದರೆ ತಮ್ಮನ್ನು ಕೊಂಡು ತಂದು ಕಟ್ಟಿದವಳು ನನ್ನ ಅಕ್ಕ, ನಿವೃತ್ತ ಗಣಿತದ ಮೇಡಂ, ಪುರಾವೆಯಿಲ್ಲದೆ ಏನನ್ನೂ ನಂಬದವಳು. ತಿಂಗಳ ಕೊನೆಯೊಳಗೆ ತಮ್ಮ ಪರದೆಯಲ್ಲಿ ಸವಾರಿ ಕಾಣದಿದ್ದರೆ ಸೈಕಲ್ಲು ಗುಜರಿಗೆ, ನಾನು ಅವಳ ಬಳಗದ ಜೊತೆ ಬೆಳಗಿನ ವಾಕಿಂಗಿಗೆ ಎಂದು ತೀರ್ಪಿತ್ತಿದ್ದಾಳೆ. ಆ ಬಳಗದಲ್ಲಿ ಕಾಲಿಗಿಂತ ಬಾಯಿಯೇ ಹೆಚ್ಚು ನಡೆಯುತ್ತದೆ. ನನಗೆ ಸೈಕಲ್ಲೇ ಬೇಕು.

ಆರು ನಿಮಿಷದಲ್ಲಿ ಏನಾಗುತ್ತದೆ ಎಂದು ತಾವು ಕೇಳಬಹುದು. ಹಿಡಿದುಕೊಂಡ ಮೊಣಕಾಲು ಬಿಡುತ್ತದೆ. ಎರಡು ದಿನದಿಂದ ಸರಿಯಾಗಿ ಕೂರದ ಅಂಗಿಯ ತೋಳಿನ ಹೊಲಿಗೆಯನ್ನು ಎಲ್ಲಿ ಬಿಚ್ಚಬೇಕೆಂಬುದು ಬೀಗ ರಿಪೇರಿಯವನ ತಿರುವಿನಲ್ಲಿ ಹೊಳೆಯುತ್ತದೆ. ಮನಸ್ಸಿಗೆ ಖುಷಿಯಾಗುತ್ತದೆ, ಸುಮ್ಮನೆ ಖುಷಿಯಾಗುತ್ತದೆ. ಎಷ್ಟು ಉದ್ದದ ಅಂಚನ್ನಾದರೂ ನಾನು ಒಂದೊಂದೇ ಹೊಲಿಗೆ ಹಾಕಿಯೇ ಮುಗಿಸುವುದು. ಚಿಕ್ಕದೆಂದು ನಾಲ್ಕನ್ನು ಬಿಟ್ಟರೆ ಗಿರಾಕಿ ಬಗ್ಗಿದ ದಿನ ಊರಿಗೆಲ್ಲ ಗೊತ್ತಾಗುತ್ತದೆ.

ಇಷ್ಟಾದರೂ ತಾವು ಕರಗದ್ದರಿಂದ, ಕಳೆದ ಮಂಗಳವಾರ ತಮ್ಮನ್ನು ಕಾಲಿಗೆ ಕಟ್ಟಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಾ ಕುಳಿತೆ. ಹನ್ನೆರಡು ಚಡ್ಡಿ ಮುಗಿಯುವಷ್ಟರಲ್ಲಿ ತಾವು ನಲವತ್ತೊಂದು ಕಿಲೋಮೀಟರ್ ಸವಾರಿಯೆಂದು ದಾಖಲಿಸಿ, ಪರದೆಯ ತುಂಬ ನಕ್ಷತ್ರ ಸುರಿಸಿದಿರಿ. ಸ್ಟೂಲು ಬಿಟ್ಟು ಅಲುಗದವನಿಗೆ ಇಷ್ಟು ದೊಡ್ಡ ಸನ್ಮಾನ ಇನ್ನಾರು ಮಾಡಿಯಾರು?

ಅಕ್ಕ ಅದನ್ನು ಓದಿದಳು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. “ಅಷ್ಟು ದೂರ ಒಬ್ಬನೇ ಹೋಗಬೇಡ ಕಣೋ, ಭಾನುವಾರ ನಾನೂ ಬರ್ತೀನಿ” ಎಂದವಳೇ ಸಂಜೆಯೊಳಗೆ ತನಗೂ ಒಂದು ಹಳೇ ಸೈಕಲ್ಲು ತಂದಳು. ಮಾಡಿದ್ದುಣ್ಣೋ ಮಹಾರಾಯ ಎಂಬಂತಾಯಿತು ನನ್ನ ಪಾಡು.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಆ ನಲವತ್ತೊಂದನ್ನು ನನ್ನ ಆರಾರು ನಿಮಿಷಗಳಿಗೆ ಹಂಚಿ, ಹಿಂದಿನ ತಾರೀಕು ಹಾಕಿ ಬರೆದುಕೊಳ್ಳಬೇಕು. ಅದಾಗದಿದ್ದರೆ ಈ ವಾರದಿಂದ ಭಾನುವಾರವನ್ನೇ ತೆಗೆದುಹಾಕಬೇಕು.

ಮಲಗಿದಾಗಲೂ ತಮ್ಮನ್ನು ಬಿಚ್ಚಿಡದ,
ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ದರ್ಜಿ

ಕಡೆಯ ಮಾತು: ಲಕೋಟೆಗೆ ಅಂಟು ಹಚ್ಚುವ ಮೊದಲೇ ಭಾನುವಾರ ಬಂದು ಹೋಯಿತು. ಅಕ್ಕ ತಮ್ಮನ್ನು ತನ್ನ ಕೈಗೇ ಕಟ್ಟಿಕೊಂಡು, ನಲವತ್ತು ವರ್ಷದ ಮೇಲೆ ಸೈಕಲ್ಲು ಹತ್ತಿ, ಓಲಾಡುತ್ತಾ ನನ್ನ ಅಂಗಡಿಯವರೆಗೆ ಬಂದು ಇಳಿದು, ಏದುಸಿರಿನಲ್ಲೇ ಹುಡುಗಿಯ ಹಾಗೆ ನಕ್ಕಳು. ಇಷ್ಟೇ ಸಾಕು, ನಾಳೆಯೂ ಬರೋಣ ಎಂದಳು. ಅದೇ ಗಳಿಗೆಯಲ್ಲಿ ತಾವು ಗುರ್ರೆಂದು, ಎಂಟೇ ನಿಮಿಷವಾದ್ದರಿಂದ ಸವಾರಿ ದಾಖಲಾಗಿಲ್ಲ ಎಂದಿರಿ. ಗಣಿತದ ಮೇಡಂಗೆ ಹಾಗೆನ್ನುವ ಧೈರ್ಯ ಈವರೆಗೆ ಯಾರಿಗೂ ಬಂದಿರಲಿಲ್ಲ. ಅವಳು ಅಲ್ಲೇ ತಮ್ಮನ್ನು ಬಿಚ್ಚಿ ನನ್ನ ಕೈಗಿತ್ತಳು, ನನ್ನ ಸೈಕಲ್ಲು ಉಳಿಯಿತು. ತಮ್ಮ ಮುಂದಿನ ವಾಸ ನನ್ನ ಗುಂಡಿ ಡಬ್ಬಿಯಲ್ಲಿ. ಅಲ್ಲಿರುವವರೆಲ್ಲ ಚಿಕ್ಕವರೇ, ದಯವಿಟ್ಟು ಹೊಂದಿಕೊಂಡು ಹೋಗಿ.