ಕೈ ಹಚ್ಚಿದರೆ ಇಪ್ಪತ್ತು

ರಾಣೆಬೆನ್ನೂರಿನ ಹಲಗೇರಿ ರಸ್ತೆಯಲ್ಲಿ, ಮನೆಯ ಮುಂದಿನ ಪಡಸಾಲೆಯಲ್ಲೇ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಮೌಲಾಸಾಬನ ಕೈ ಗಟ್ಟಿ, ಬಾಯಿ ಮೆತ್ತಗೆ. ಎಂಬತ್ತಾರನೆಯ ಇಸವಿಯ ಮಾತಿದು. ಆಗೆಲ್ಲ ಗಿರಾಕಿ ಗಾಡಿ ಬಿಟ್ಟುಹೋಗುತ್ತಿರಲಿಲ್ಲ. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನಟ್ಟು ಬಿಚ್ಚುವ ಪಾನಾ ಕೊಡುತ್ತಿದ್ದ, ಚಕ್ರ ಹಿಡಿಯುತ್ತಿದ್ದ, ಕಷ್ಟಸುಖ ಮಾತಾಡುತ್ತಿದ್ದ. ಕೊನೆಗೆ, "ಅರ್ಧಾ ಕೆಲಸಾ ನಾನ ಮಾಡೇನಲ್ಲೋ ಮೌಲಾ" ಎಂದು ಹತ್ತರ ಬದಲು ಐದು ಕೊಟ್ಟು ಹೋಗುತ್ತಿದ್ದ. ಎಂಥ ಚೆಂದದ ದಿನಗಳು, ಮೌಲಾಸಾಬನ ಕಿಸೆಯೊಂದನ್ನು ಬಿಟ್ಟರೆ!

ಅಂಥದೇ ಒಂದು ದಿನ. ಮರುದಿನ ಬ್ಯಾಡಗಿಯಲ್ಲಿ ಅವನ ಹೆಂಡತಿ ಶರೀಫಾಬಿಯ ತಂಗಿಯ ಮದುವೆ. ಹೊಸ ಸೀರೆ ಕೊಡಿಸುವುದಾಗಿ ಮಾತು ಕೊಟ್ಟಿದ್ದ. ಇಪ್ಪತ್ತು ರೂಪಾಯಿ ಕಡಿಮೆ ಬಿದ್ದಿತ್ತು. ಹೀಗಾಗಿ ಬೆಳಿಗ್ಗೆ ಧೈರ್ಯ ಮಾಡಿ, ಹಳೇ ತಗಡಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕಿದ: 'ರಿಪೇರಿಗೆ ಹತ್ತು ರೂಪಾಯಿ. ಗಿರಾಕಿ ಕೈ ಹಚ್ಚಿದರೆ ಇಪ್ಪತ್ತು.'

ಮೊದಲು ಬಂದವರು ಸಾಲಿ ಮಾಸ್ತರ ಪರಮೇಶಪ್ಪ. ಅವರ ಸ್ಕೂಟರಿನ ಕ್ಲಚ್ ತಂತಿ ಹರಿದಿತ್ತು. ಬೋರ್ಡನ್ನು ಎರಡು ಸಲ ಓದಿ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡರು.

"ಮಾಸ್ತರ, ಆ ಪಾನಾ ಈ ಕಡೆ ಕೊಡ್ರಿ."

"ಇಪ್ಪತ್ತಾಗ್ತೈತಿ. ನೀನ ಎದ್ದು ತಗೋ."

ಕ್ಲಚ್ ತಂತಿ ಒಬ್ಬನ ಕೆಲಸವಲ್ಲ. ಒಬ್ಬರು ಜಗ್ಗಿ ಹಿಡಿಯಬೇಕು, ಇನ್ನೊಬ್ಬರು ನಟ್ಟು ಬಿಗಿಯಬೇಕು. ಮೌಲಾಸಾಬ ಕಾಲ್ಬೆರಳಲ್ಲಿ ಹಿಡಿದ, ತಂತಿ ಜಾರಿತು. ಹಲ್ಲಲ್ಲಿ ಕಚ್ಚಿದ, ಬಾಯಿ ತುಂಬ ಗ್ರೀಸಾಯಿತು. ಒಳಗೆ ಶರೀಫಾಬಿ ಮದರಂಗಿ ಹಚ್ಚಿದ ಕೈ ಒಣಗಿಸುತ್ತ ಕೂತಿದ್ದಳು.

"ಗೋಣೆಪ್ಪಾ, ನೀನರ ಬಾರೋ!" ಎಂದು ಎದುರಿನ ಚಹಾದಂಗಡಿಯವನನ್ನು ಕೂಗಿದ.

"ಹಾಲು ಉಕ್ಕಾಕತ್ತೈತಿ. ಮಣಕಾಲಾಗ ಒತ್ತಿ ಹಿಡದ ನೋಡು" ಎಂದು ಗೋಣೆಪ್ಪ ಕೂತಲ್ಲಿಂದಲೇ ಉಪದೇಶ ಮಾಡಿದ.

ಮೊಣಕಾಲಲ್ಲಿ ಹಿಡಿಯಹೋಗಿ ಮೌಲಾಸಾಬ ಸ್ಕೂಟರ್ ಸಮೇತ ಮಗ್ಗುಲಿಗೆ ಬಿದ್ದ. ಮಾಸ್ತರು ಎರಡು ಹೆಜ್ಜೆ ಹಿಂದೆ ಸರಿದು, "ನಾ ಮುಟ್ಟಿಲ್ಲ ನೋಡ್ರೆಪಾ, ಎಲ್ಲಾರೂ ಸಾಕ್ಷಿ ಇರ್ರಿ" ಎಂದು ಚಹಾ ಕುಡಿಯುವವರಿಗೆಲ್ಲ ಸಾರಿದರು.

ಮಧ್ಯಾಹ್ನವಾಯಿತು. ಮೌಲಾಸಾಬ ಸೋತ. "ನಿಮ್ಮ ಕಾಲಿಗೆ ಬೀಳ್ತೇನ್ರಿ ಮಾಸ್ತರ, ಒಂದೀಟ ಹಿಡೀರಿ!"

ಮಾಸ್ತರು ಹಿಡಿದರು. ಎರಡೇ ನಿಮಿಷಕ್ಕೆ ಕೆಲಸ ಮುಗಿಯಿತು. ಮೌಲಾಸಾಬನ ಕಣ್ಣ ಮುಂದೆ ಸೀರೆಯ ಅಂಚು ಹೊಳೆಯಿತು.

"ಕೈ ಹಚ್ಚೀರಿ. ಇಪ್ಪತ್ತು ಕೊಡ್ರಿ."

"ಐದು" ಎಂದರು ಮಾಸ್ತರು. "ನಾನಾಗಿ ಬಂದು ಕೈ ಹಚ್ಚಿದ್ರ ಇಪ್ಪತ್ತು, ಒಪ್ಪಿದೆ. ಆದ್ರ ನೀ ಕರದು ಹಿಡಿಸಿದಿ. ಕರದು ದುಡಿಸ್ಕೊಂಡ ಮ್ಯಾಲೆ ಕೂಲಿ ಕೊಡಬೇಕೋ ಬ್ಯಾಡೋ? ಹತ್ತರಾಗ ನನ್ನ ಕೂಲಿ ಐದು ಮುರಕೊಂಡೇನಿ."

"ಖರೇ ಐತಿ. ಕರದವ ಕೊಡಬೇಕು" ಎಂದು ಗೋಣೆಪ್ಪ ತೀರ್ಪು ಕೊಟ್ಟ. ಚಹಾ ಕುಡಿಯುವವರೆಲ್ಲ ತಲೆಯಾಡಿಸಿದರು.

ಐದರ ನೋಟು ಹಿಡಿದು ಮೌಲಾಸಾಬ ತಿರುಗಿದರೆ, ಒಳಬಾಗಿಲಲ್ಲಿ ಶರೀಫಾಬಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಲ್ರಿ, ಗಿರಾಕಿ ಚಾ ಕುಡಿಯಾಕ ಹೋದಾಗೆಲ್ಲಾ 'ಶರೀಫಾ, ಒಂದೀಟ ಹಿಡಿ ಬಾ' ಅಂತ ಹನ್ನೆರಡು ವರ್ಷದಿಂದ ಕರದವ್ರು ಯಾರು?"

ಮೌಲಾಸಾಬ ಅವಳ ಕೈ ನೋಡಿದ. ಮದುವೆಗೆಂದು ಹಚ್ಚಿಕೊಂಡ ಮದರಂಗಿ ಕೆಂಪಗೆ ಏರಿತ್ತು. ಆದರೆ ಉಗುರಿನ ಸಂದಿಯಲ್ಲಿ ತನ್ನ ಕೈಯಲ್ಲಿರುವಂಥದೇ ಗ್ರೀಸಿನ ಕಪ್ಪು. ಇಷ್ಟು ವರ್ಷ ಅದು ತನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಅವಳ ಮೇಲೆ ಅಕ್ಕರೆಯೂ ಉಕ್ಕಿತು.

ಶರೀಫಾಬಿ ಅವನ ಕೈಯಿಂದ ಐದರ ನೋಟು ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಇದು ಮೊದಲನೇ ದಿನದ ಕೂಲಿ ಆತು" ಎಂದಳು. "ಸೀರಿ ಬ್ಯಾರೆ."